ಮಗ್ಗದೂರಿಗೆ ಬೇಕಾದ ನಾಟಕಕಾರ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗದ ಸದ್ದೇ ಸದ್ದು. ಕೈಮಗ್ಗ ಇಲ್ಲಿ ಹಿಂದೆ ಸರಿದು ಬಹಳ ಕಾಲವಾಯಿತು. ಆದರೆ ನಾಟಕದ ಹುಚ್ಚಿಗೇನೂ ಕಡಿಮೆಯಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ಬಾಡಿಗೆಗೆ ಸೀನರಿ ತಂದು ಬೆಳಗಿನವರೆಗೆ ‘ಕುರುಕ್ಷೇತ್ರ’ ಆಡುವ ಹಳ್ಳಿಗಳು ಸುತ್ತಮುತ್ತ ಈಗಲೂ ಇವೆ. ಮಗ್ಗ, ನಾಟಕ ಎರಡನ್ನೂ ಬಲ್ಲ ಈ ಸೀಮೆಯವರು ಹೆಗ್ಗೋಡಿನ ರಂಗಕರ್ಮಿ ಪ್ರಸನ್ನರನ್ನು ತಿಳಿಯಲೇಬೇಕು.

ಕಾನ್ಪುರದ ಐಐಟಿಯಲ್ಲಿ ಸಂಶೋಧನೆ ಬಿಟ್ಟು ನಾಟಕದತ್ತ ಹೊರಳಿದವರು ಪ್ರಸನ್ನ. 1975ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದು ಮುಗಿಯಿತು. ಅದೇ ವರ್ಷ ತುರ್ತುಪರಿಸ್ಥಿತಿಯೂ ಬಂತು, ಅವರು ಗೆಳೆಯರೊಂದಿಗೆ ಕಟ್ಟಿದ ರಂಗತಂಡ ‘ಸಮುದಾಯ’ವೂ ಹುಟ್ಟಿತು. ಬ್ರೆಕ್ಟ್‌ನ ‘ತಾಯಿ’ಯಂಥ ನಾಟಕಗಳ ಜೊತೆಗೆ ಬೀದಿನಾಟಕ, ಜಾಥಾಗಳನ್ನೂ ಕೈಗೆತ್ತಿಕೊಂಡ ಸಮುದಾಯ ಊರೂರಿಗೆ ಹಬ್ಬಿತು. ಮುಂದೆ ಪ್ರಸನ್ನ ನಾಟಕ ಶಾಲೆಯ ರೆಪರ್ಟರಿ ತಂಡಕ್ಕೆ ‘ಫ್ಯೂಜಿಯಾಮಾ’, ‘ಉತ್ತರರಾಮಚರಿತ’ ಮಾಡಿಸಿದರು. ಮೈಸೂರಿನ ರಂಗಾಯಣದ ನಿರ್ದೇಶಕರೂ ಆದರು. ‘ಒಂದು ಲೋಕದ ಕಥೆ’, ‘ದಂಗೆಯ ಮುಂಚಿನ ದಿನಗಳು’, ‘ತದ್ರೂಪಿ’, ‘ಮಹಿಮಾಪುರ’ ಅವರ ನಾಟಕಗಳು. ನಟನೆ ಕಲಿಯುವವರಿಗೆ ‘ನಟನೆಯ ಪಾಠಗಳು’ ಬರೆದುಕೊಟ್ಟರು.

ಇಷ್ಟೆಲ್ಲ ಮಾಡುತ್ತಿದ್ದಾಗಲೇ ಅವರು ಮಗ್ಗಕ್ಕೆ ಕೈಹಾಕಿದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ, ‘ಚರಕ’ ಮಹಿಳಾ ಸಹಕಾರ ಸಂಘ ಕಟ್ಟಲು ನೆರವಾದರು. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿಯಿಂದ ಅಲ್ಲಿ ಬಣ್ಣ ಮಾಡುತ್ತಾರೆ. ನೂರಾರು ಹೆಣ್ಣುಮಕ್ಕಳಿಗೆ ಬಣ್ಣ ಕಟ್ಟುವ, ನೇಯುವ, ಹೊಲಿಯುವ ಕೆಲಸ ಸಿಕ್ಕಿತು. ಆ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಮಾರಾಟವಾಗುತ್ತದೆ.

ನಾಟಕ ಬಿಟ್ಟು ಬಟ್ಟೆಗೆ ಹೋದರು ಎಂದು ಕೊರಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಟಕವೂ ಕೈಕಸುಬೇ. ಎದುರಿಗೆ ಕೂತವರ ಮುಂದೆ ಜೀವಂತ ಮೈಯೊಂದು ದುಡಿಯದೆ ನಾಟಕ ಆಗುವುದಿಲ್ಲ. ಸಿನಿಮಾದ ಹಾಗೆ ಪ್ರತಿ ತೆಗೆದು ಹಂಚಲು ಬರುವುದಿಲ್ಲ. ಯಂತ್ರ ಬಂದಾಗ ದುಡಿಯುವ ಮೈಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೇ ಅವರು ರಂಗದ ಮೇಲೂ ಮಗ್ಗದ ಮುಂದೆಯೂ ಕೇಳಿದ್ದಾರೆ. 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಹಳೆಯ ಖಾದಿ ಕೇಂದ್ರದಲ್ಲಿ ಸತ್ಯಾಗ್ರಹ ಹೂಡಿದ್ದು, 2017ರಲ್ಲಿ ಕೈಯಲ್ಲಿ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡವೆಂದು ಉಪವಾಸ ಕೂತದ್ದು ಇದೇ ಪ್ರಶ್ನೆಯ ಮುಂದುವರಿಕೆ.

ವಿದ್ಯುತ್ ಮಗ್ಗದಿಂದಲೇ ಒಲೆ ಹಚ್ಚುವ ನಮ್ಮೂರಿಗೆ ಅವರ ಮಾತು ಸುಲಭವಾಗಿ ಒಗ್ಗುವುದಿಲ್ಲ. ಕರೆಂಟು ಹೋದರೆ, ನೂಲಿನ ಬೆಲೆ ಏರಿದರೆ ಇಲ್ಲಿ ಮನೆಯ ಲೆಕ್ಕವೇ ತಪ್ಪುತ್ತದೆ. ಕೈಮಗ್ಗಕ್ಕೆ ಮರಳಿ ಎನ್ನುವುದು ಅಂಥವರಿಗೆ ಸಣ್ಣ ಮಾತಲ್ಲ. ಅದಕ್ಕೇ ಈ ಜಗಳ ಪುಸ್ತಕದಲ್ಲಿ ಉಳಿಯದೆ ಇಲ್ಲಿನ ರಂಗದ ಮೇಲೆ ನಡೆಯಬೇಕು. ತಾಲ್ಲೂಕಿನ ಕಲಾಸಂಘಗಳೇ, ಕಾಲೇಜುಗಳೇ, ಈ ವರ್ಷ ‘ಕುರುಕ್ಷೇತ್ರ’ದ ಜೊತೆಗೆ ಪ್ರಸನ್ನರದೂ ಒಂದು ನಾಟಕ ಆಡಿ. ಮುಂದಿನ ಸಾಲಿನಲ್ಲಿ ನೇಕಾರರನ್ನು ಕೂರಿಸಿ.