ಸ್ನಾಯುಗಳ ಜಮಾ-ಖರ್ಚು



ಕಳೆದ ಬೇಸಿಗೆ ರಜೆಯಲ್ಲಿ ಗೆಳೆಯನ ಜೊತೆ ಹಠಕ್ಕೆ ಬಿದ್ದು ಒಂದೇ ದಿನ ನೂರೈವತ್ತು ಬಸ್ಕಿ ಹೊಡೆದೆ. ಮಾರನೆಯ ದಿನ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತಿದ್ದೆ. "ಪ್ರೋಟೀನ್ ಪೌಡರ್ ತಗೊಂಡಿದ್ರೆ ಹೀಗಾಗ್ತಿರಲಿಲ್ಲ" ಎಂದ ಗೆಳೆಯ. ಅಂಗಡಿಯಲ್ಲಿ ಒಂದು ಡಬ್ಬಿಗೆ 3000 ರೂಪಾಯಿ ಹೇಳಿದರು. ಅಮ್ಮಿ ಬಟ್ಟೆ ಹೊಲಿದು ಕೂಡಿಟ್ಟ ಹಣ ಕೇಳಿದೆ. ಅವರು ಬೈಯಲಿಲ್ಲ. "ಕೊಡ್ತೀನಿ ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಮೊದಲು ಲೆಕ್ಕ ಮಾಡಿ ತೋರಿಸು" ಎಂದರು. ಆ ಲೆಕ್ಕವೇ ಈ ಲೇಖನ.

ಸ್ನಾಯು ಹೇಗೆ ಬೆಳೆಯುತ್ತದೆ?

ನಮ್ಮ ಸ್ನಾಯು ಸಾವಿರಾರು ಸಣ್ಣ ಎಳೆಗಳ ಕಟ್ಟು. ವ್ಯಾಯಾಮ ಮಾಡಿದರೆ ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಮುಖ್ಯವಾಗಿ ಇರುವ ಎಳೆಗಳೇ ದಪ್ಪವಾಗುತ್ತವೆ. ದೇಹದಲ್ಲಿ ಹಗಲು ರಾತ್ರಿ ಎರಡು ಕೆಲಸ ನಡೆಯುತ್ತಿರುತ್ತವೆ. ಹಳೆಯ ಪ್ರೋಟೀನ್ ಒಡೆಯುತ್ತದೆ, ಅದು ಖರ್ಚು. ಹೊಸ ಪ್ರೋಟೀನ್ ಕಟ್ಟಲ್ಪಡುತ್ತದೆ, ಅದು ಜಮಾ. ಖರ್ಚಿಗಿಂತ ಜಮಾ ಹೆಚ್ಚಾಗಿ, ವಾರಗಟ್ಟಲೆ ಹಾಗೆಯೇ ಮುಂದುವರಿದರೆ ಸ್ನಾಯು ಬೆಳೆಯುತ್ತದೆ.

ಭಾರ ಎತ್ತಿದಾಗ ಎಳೆಗಳ ಮೇಲೆ ಬೀಳುವ ಎಳೆತವೇ "ಕಟ್ಟು" ಎಂಬ ಸೂಚನೆ. ಈ ಕಟ್ಟುವ ಕೆಲಸ ವ್ಯಾಯಾಮದ ನಂತರ ಒಂದೆರಡು ದಿನ ಚುರುಕಾಗಿರುತ್ತದೆ. ಅಂದರೆ ಬೆಳವಣಿಗೆ ಆಗುವುದು ಬಸ್ಕಿ ಹೊಡೆಯುವಾಗಲ್ಲ, ಆಮೇಲೆ ಉಂಡು ಮಲಗಿದಾಗ. ಆದ್ದರಿಂದ ಒಂದು ಭಾಗಕ್ಕೆ ಕೆಲಸ ಕೊಟ್ಟ ಮೇಲೆ ಒಂದೆರಡು ದಿನ ಬಿಡುವು ಕೊಡಬೇಕು.

ನನಗೆ ಬಂದ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಅದು ಸುಮಾರು ಒಂದು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗುತ್ತದೆ. ರೂಢಿಯಿಲ್ಲದ ಕೆಲಸದಿಂದ ಎಳೆಗಳಿಗೆ ಆದ ಸಣ್ಣ ಗಾಯ ಮತ್ತು ಅದರ ರಿಪೇರಿಯಿಂದ ಈ ನೋವು ಬರುತ್ತದೆ. ಒಂದರಿಂದ ಮೂರು ದಿನದೊಳಗೆ ಅದು ಹೆಚ್ಚಾಗಿ, ನಂತರ ತಾನೇ ಇಳಿಯುತ್ತದೆ. ಪೌಡರ್ ಕುಡಿದಿದ್ದರೂ ನನಗೆ ನೋವು ಬರುತ್ತಿತ್ತು. ನೋವಾದರೆ ಮಾತ್ರ ಬೆಳವಣಿಗೆ ಎಂಬುದೂ ಸುಳ್ಳು. ಆದರೆ ಒಂದು ಎಚ್ಚರಿಕೆ: ವಿಪರೀತ ವ್ಯಾಯಾಮದ ನಂತರ ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅದು ಮೂತ್ರಪಿಂಡಕ್ಕೆ ಅಪಾಯದ ಗುರುತು.

ಊಟದ ಲೆಕ್ಕ

ಸಾಮಾನ್ಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂ ಸಾಕಾಗುತ್ತದೆ. ನನ್ನ ತೂಕ 55 ಕೆ.ಜಿ. ಹಾಗಾದರೆ ನನಗೆ ಬೇಕಾದ್ದು 88 ಗ್ರಾಂ.

ನಮ್ಮ ಮನೆಯ ಲೆಕ್ಕ ಹೀಗಿದೆ: ಎರಡು ಮೊಟ್ಟೆ 12 ಗ್ರಾಂ, ಅರ್ಧ ಲೀಟರ್ ಹಾಲು 16, ಒಂದು ಹಿಡಿ ಹುರುಳಿಕಾಳು (50 ಗ್ರಾಂ) 11, ಅಷ್ಟೇ ಕಡಲೆಬೀಜ 12, ಎರಡು ಹೊತ್ತಿನ ಮುದ್ದೆ ಮತ್ತು ಅನ್ನದಿಂದ ಸುಮಾರು 25. ಒಟ್ಟು 76. ಉಳಿದ 12 ಗ್ರಾಂಗೆ 25 ಗ್ರಾಂ ಸೋಯಾ ಅಥವಾ ಎರಡು ತುಂಡು ಕೋಳಿ ಸಾಕು.

ಡಬ್ಬಿಯ ಲೆಕ್ಕವನ್ನೂ ಮಾಡಿದೆ. ಒಂದು ಚಮಚದಲ್ಲಿ 24 ಗ್ರಾಂ, ಡಬ್ಬಿಗೆ 30 ಚಮಚ, ಚಮಚಕ್ಕೆ 100 ರೂಪಾಯಿ. ಅದೇ 24 ಗ್ರಾಂ ನಾಲ್ಕು ಮೊಟ್ಟೆಯಲ್ಲಿ ಸಿಗುತ್ತದೆ, ಅದರ ಬೆಲೆ ಮೂವತ್ತು ರೂಪಾಯಿಯ ಆಸುಪಾಸು. ಪೌಡರ್ ವಿಷವಲ್ಲ, ಅದೂ ಹಾಲಿನಿಂದಲೇ ತೆಗೆದದ್ದು. ಆದರೆ ನಮಗೆ ಅದು ಅನಗತ್ಯ ಖರ್ಚು. ಅಮ್ಮಿಯ ಹಣ ಅಮ್ಮಿಯ ಬಳಿಯೇ ಉಳಿಯಿತು.

ಇನ್ನು ಪ್ರೋಟೀನ್ ಒಂದೇ ಸಾಲದು. ಮುದ್ದೆ, ಅನ್ನ, ಚಪಾತಿ ಬಿಟ್ಟರೆ ದೇಹ ಶಕ್ತಿಗಾಗಿ ಪ್ರೋಟೀನನ್ನೇ ಸುಡುತ್ತದೆ. ನಮ್ಮ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲೇ. ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡುವವರು ಗಮನಿಸಿ!

ನಿಧಾನವೇ ದಾರಿ

ಮೊದಲ ಕೆಲವು ವಾರ ಶಕ್ತಿ ಹೆಚ್ಚಿದರೂ ತೋಳು ದಪ್ಪವಾಗುವುದಿಲ್ಲ. ಆಗ ಕಲಿಯುತ್ತಿರುವುದು ನರಗಳು. ಕನ್ನಡಿಯಲ್ಲಿ ಕಾಣಲು ಎರಡು ಮೂರು ತಿಂಗಳು ಬೇಕು. ಈ ಅವಸರದಲ್ಲೇ ಕೆಲವರು ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಕೈಹಾಕುತ್ತಾರೆ. ಅದು ಹೃದಯ ಮತ್ತು ಯಕೃತ್ತನ್ನು ಕೆಡಿಸುತ್ತದೆ. ಹರೆಯದಲ್ಲಿ ತೆಗೆದುಕೊಂಡರೆ ಎತ್ತರ ಬೆಳೆಯುವುದೇ ನಿಲ್ಲಬಹುದು.

ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ ಚಾಲಕರೊಬ್ಬರ ಮಗ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದರು. ಅಂಥವರಿಗೇ 20 ಕೆ.ಜಿ. ಹೆಚ್ಚಿಸಲು ನಾಲ್ಕು ವರ್ಷ ಹಿಡಿಯಿತು! ಗರಡಿಮನೆಯ ಪೈಲ್ವಾನರೂ ಇದನ್ನೇ ಮಾಡುತ್ತಿದ್ದರು. ಇಂದು ಇಪ್ಪತ್ತು ದಂಡ, ಮುಂದಿನ ವಾರ ಇಪ್ಪತ್ತೆರಡು.

ಇದು ಹುಡುಗರಿಗೆ ಮಾತ್ರ ಎಂದುಕೊಳ್ಳಬೇಡಿ. ಹುಡುಗಿಯರು ಮನೆಯಲ್ಲೇ ಬಸ್ಕಿ ಮಾಡಿದರೂ, ತುಂಬಿದ ನೀರಿನ ಬಾಟಲಿ ಎತ್ತಿದರೂ ಸ್ನಾಯುವಿನ ಜೊತೆ ಮೂಳೆಯೂ ಗಟ್ಟಿಯಾಗುತ್ತದೆ. ದೇಹ ಗಂಡಸರಂತೆ ಉಬ್ಬುತ್ತದೆ ಎಂಬ ಭಯ ಬೇಡ.

ನಾನೀಗ ವಾರಕ್ಕೆ ಮೂರು ದಿನ, ಮೂವತ್ತು ಬಸ್ಕಿಯಿಂದ ಮತ್ತೆ ಶುರು ಮಾಡಿದ್ದೇನೆ. ಬಸ್ಸಿನ ಮೆಟ್ಟಿಲು ಈಗ ಸಲೀಸು. ಗೆಳೆಯನೂ ಡಬ್ಬಿ ಬಿಟ್ಟು ಹುರುಳಿಗೆ ಬಂದಿದ್ದಾನೆ. ನಿಮ್ಮ ಲೆಕ್ಕವನ್ನೂ ಒಮ್ಮೆ ಬರೆದು ನೋಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ