ಕೋನದ ಅಳತೆ

ಉದ್ದವನ್ನು ಅಳೆಯಲು ಕೋಲಿದೆ, ತೂಕವನ್ನು ಅರಿಯಲು ತಕ್ಕಡಿಯಿದೆ. ಎರಡು ರೇಖೆಗಳ ನಡುವಣ ತಿರುವನ್ನು ಅಳೆಯುವುದು ಹೇಗೆ? ಅದಕ್ಕೆ ಪೂರ್ಣ ಸುತ್ತೊಂದೇ ಮೂಲಮಾನ. ಅದನ್ನು ಎಷ್ಟು ಭಾಗಗಳಾಗಿ ಒಡೆಯಬೇಕೆಂಬುದು ಮಾತ್ರ ನಮ್ಮ ಇಚ್ಛೆಗೆ ಬಿಟ್ಟದ್ದು.

ಪ್ರಾಚೀನ ಬಾಬಿಲೋನಿನವರು ಅರವತ್ತನ್ನು ಆಧಾರವಾಗಿಟ್ಟುಕೊಂಡು ಎಣಿಸುತ್ತಿದ್ದರು. ಸುತ್ತಿಗೆ 360 ಡಿಗ್ರಿಗಳೆಂಬ ಪದ್ಧತಿ ಆ ಎಣಿಕೆಯಿಂದ ಬೆಳೆದುಬಂದುದು. ಈ ಸಂಖ್ಯೆಯಲ್ಲಿ ಒಂದು ಅನುಕೂಲವುಂಟು: 100ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಂಬತ್ತು, 360ನ್ನು ಭಾಗಿಸುವವು ಇಪ್ಪತ್ತನಾಲ್ಕು. ಡಿಗ್ರಿಯ ಅರವತ್ತನೆಯ ಒಂದು ಪಾಲು ಮಿನಿಟು. ಮಿನಿಟಿನ ಅರವತ್ತನೆಯ ಒಂದು ಪಾಲು ಸೆಕೆಂಡು. ನಮ್ಮ ಜ್ಯೋತಿಶ್ಶಾಸ್ತ್ರದಲ್ಲಿ ಇವೇ ಅಂಶ, ಕಲೆ, ವಿಕಲೆಗಳು.

ಇಷ್ಟು ಸೂಕ್ಷ್ಮ ವಿಭಾಗಗಳು ಏತಕ್ಕೆ ಬೇಕು? ಮಂಡ್ಯ ಜಿಲ್ಲೆಯ ಮೂರು ಊರುಗಳನ್ನು ನೋಡೋಣ. ಮದ್ದೂರಿನ ಅಕ್ಷಾಂಶ ಸುಮಾರು 12 ಡಿಗ್ರಿ 35 ಮಿನಿಟು. ಮಂಡ್ಯದ್ದು 12 ಡಿಗ್ರಿ 31 ಮಿನಿಟು. ಮಳವಳ್ಳಿಯದು 12 ಡಿಗ್ರಿ 23 ಮಿನಿಟು. ಪೂರ್ಣ ಡಿಗ್ರಿಗಳನ್ನಷ್ಟೇ ಹೇಳಿದರೆ ಮೂರಕ್ಕೂ ಅಕ್ಷಾಂಶ ಒಂದೇ! ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1.84 ಕಿಲೋಮೀಟರು. ಆದುದರಿಂದ ಮಳವಳ್ಳಿಯು ಮದ್ದೂರಿನಿಂದ ಸುಮಾರು 22 ಕಿಲೋಮೀಟರು ದಕ್ಷಿಣಕ್ಕಿದೆ. ಸೆಕೆಂಡಿಗೆ ಸುಮಾರು 31 ಮೀಟರು. ಒಂದು ಗದ್ದೆಯನ್ನು ಗುರುತಿಸಲು ಅಷ್ಟಾದರೂ ಸೂಕ್ಷ್ಮತೆ ಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂದಿನ ಮೊಬೈಲ್ ಫೋನುಗಳು ಅಕ್ಷಾಂಶವನ್ನು ಸಾಮಾನ್ಯವಾಗಿ ದಶಾಂಶದಲ್ಲಿ ತೋರಿಸುತ್ತವೆ. 12 ಡಿಗ್ರಿ 35 ಮಿನಿಟನ್ನು 12.35 ಎಂದು ಬರೆಯಲಾಗದು. 35ನ್ನು 60ರಿಂದ ಭಾಗಿಸಿ 12.583 ಎಂದು ಬರೆಯಬೇಕು. 12.35 ಎಂದರೆ 12 ಡಿಗ್ರಿ 21 ಮಿನಿಟು. ಹಾಗೆ ಬರೆದರೆ ಮದ್ದೂರು ಮಳವಳ್ಳಿಗಿಂತಲೂ ದಕ್ಷಿಣಕ್ಕೆ ಹೋದೀತು!

ಕೋನದಲ್ಲಿ ಆಗುವ ತಪ್ಪು ದೂರದೊಡನೆ ಬೆಳೆಯುತ್ತದೆ. ವೃತ್ತದ ಪರಿಧಿಯಲ್ಲಿ 21,600 ಕಲೆಗಳಿರುವುದರಿಂದ ತ್ರಿಜ್ಯವು ಸುಮಾರು 3438 ಕಲೆಗಳಷ್ಟಾಗುತ್ತದೆ; ಆರ್ಯಭಟನ ಜ್ಯಾಕೋಷ್ಟಕಕ್ಕೆ ಆಧಾರವಾದ ತ್ರಿಜ್ಯವೂ ಇದೇ. ಅಂದರೆ 3438 ಮೀಟರು ದೂರದಲ್ಲಿ ಒಂದು ಕಲೆಯ ತಪ್ಪು ಒಂದು ಮೀಟರಾಗುತ್ತದೆ; ಒಂದು ಕಿಲೋಮೀಟರಿನಲ್ಲಿ 29 ಸೆಂಟಿಮೀಟರು. ಮಂಡ್ಯದ ಕಡೆಗೆ ಕಾವೇರಿಯ ನೀರನ್ನು ತರುವ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಬಳಿ ಸುರಂಗದಲ್ಲಿ ಹರಿಯುತ್ತದೆ. ಯಾವುದೇ ಸುರಂಗವನ್ನು ಎರಡು ತುದಿಗಳಿಂದ ಕೊರೆಯತೊಡಗಿದಾಗ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ, ಕಿಲೋಮೀಟರಿಗೆ ಹದಿನೇಳೂವರೆ ಮೀಟರು ಪಕ್ಕಕ್ಕೆ ಸರಿದು, ಎರಡು ಕೊರೆತಗಳು ಸಂಧಿಸಲಾರವು.

ಆದರೆ ಕಲೆಯನ್ನು ಕಣ್ಣಿನಿಂದ ಓದುವುದೆಂತು? ಐದು ಸೆಂಟಿಮೀಟರು ತ್ರಿಜ್ಯದ ಶಾಲಾ ಕೋನಮಾಪಕದಲ್ಲಿ ಒಂದು ಡಿಗ್ರಿಯೇ ಒಂದು ಮಿಲಿಮೀಟರಿಗಿಂತ ಕಡಮೆ. 1631ರಲ್ಲಿ ಪಿಯೆರ್ ವರ್ನಿಯರ್ ಪ್ರಕಟಿಸಿದ ಉಪಾಯ ಇಲ್ಲಿ ನೆರವಾಗುತ್ತದೆ. ಮುಖ್ಯ ವೃತ್ತದಲ್ಲಿ 20 ಮಿನಿಟಿಗೊಂದು ಗೆರೆಯಿರಲಿ. ಅದರ 59 ಭಾಗಗಳ ಉದ್ದವನ್ನು ಉಪಮಾನದಲ್ಲಿ 60 ಸಮಭಾಗಗಳಾಗಿ ಒಡೆದರೆ ಪ್ರತಿಯೊಂದು ಭಾಗವೂ 19 ಮಿನಿಟು 40 ಸೆಕೆಂಡು. ಈ 20 ಸೆಕೆಂಡುಗಳ ಅಂತರವೇ ಆ ಉಪಕರಣವು ಅಳೆಯಬಲ್ಲ ಕನಿಷ್ಠ ಕೋನ. ಉಪಮಾನದ ಎಷ್ಟನೆಯ ಗೆರೆ ಮುಖ್ಯ ಗೆರೆಯೊಂದರೊಡನೆ ಕೂಡಿತೆಂದು ನೋಡಿ, ಅದನ್ನು 20ರಿಂದ ಗುಣಿಸಿದರಾಯಿತು.

ವೃತ್ತವನ್ನು ದೊಡ್ಡದು ಮಾಡುವುದು ಇನ್ನೊಂದು ದಾರಿ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದನು. ಮುಂದೆ ಅವನು ಬಳಸಿದ ಥಿಯೊಡಲೈಟಿನ ವೃತ್ತಕ್ಕೆ 36 ಅಂಗುಲ ವ್ಯಾಸ. ತೂಕ ಸುಮಾರು ಅರ್ಧ ಟನ್ನು. ಅಷ್ಟು ದೊಡ್ಡ ವೃತ್ತದಲ್ಲಿಯೂ ಒಂದು ಸೆಕೆಂಡಿಗೆ ದೊರೆಯುವ ಸ್ಥಳ ಮಿಲಿಮೀಟರಿನ ಸುಮಾರು ಐನೂರರಲ್ಲೊಂದು ಪಾಲು; ಅದನ್ನು ಸೂಕ್ಷ್ಮದರ್ಶಕದಿಂದಲೇ ಓದಬೇಕು. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಯಂತ್ರವು ಗೋಡೆಗೆ ಬಡಿಯಿತು, ವೃತ್ತ ಸೊಟ್ಟಾಯಿತು. ಲ್ಯಾಂಬ್ಟನ್ ಸುಮಾರು ಆರು ವಾರ ಶ್ರಮಿಸಿ ಅದನ್ನು ಮತ್ತೆ ದುಂಡಗೆ ಮಾಡಿದನು. ವೃತ್ತವು ಕೆಟ್ಟರೆ ಅದರ ಮೇಲಿನ ಗೆರೆಗಳಿಗೆ ಬೆಲೆಯಿಲ್ಲ; ಆ ಗೆರೆಗಳನ್ನು ನಂಬಿ ಬರೆದ ಭೂಪಟಕ್ಕೂ ಬೆಲೆಯಿಲ್ಲ.