ಮಳೆಯಿಲ್ಲದ ಊರಿಗೆ ಬರುವ ಮಹಾಪೂರ

ಬಾಗಲಕೋಟೆ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ ಸರಾಸರಿ 500ರಿಂದ 600 ಮಿಲಿಮೀಟರ್. ಇಷ್ಟು ಮಳೆಯ ನಾಡಿನಲ್ಲಿ ಬರದ ಲೆಕ್ಕ ಇಡಬೇಕೇ ಹೊರತು ನೆರೆಯ ಲೆಕ್ಕವೇಕೆ ಎಂದು ಹೊರಗಿನವರು ಕೇಳುವುದುಂಟು. 2019ರ ಆಗಸ್ಟ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಬರಪೀಡಿತ ಎಂದು ಘೋಷಿಸಿದ್ದ ಜಿಲ್ಲೆಯಲ್ಲೇ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ದಂಡೆ ಮೀರಿದವು. ಆಲಮಟ್ಟಿ ಜಲಾಶಯದಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಮುಧೋಳದಲ್ಲಿ ಹೊಳೆ ಊರೊಳಗೇ ಬಂತು.

ಮುಧೋಳ ತಾಲ್ಲೂಕಿನ ಲೋಕಾಪುರ ನದಿ ದಂಡೆಯ ಊರಲ್ಲ. ಸುಣ್ಣಕಲ್ಲಿನ ಗಟ್ಟಿ ನೆಲದ ಊರು ಅದು. ಭೂವಿಜ್ಞಾನಿಗಳು ಇಲ್ಲಿನ ಪ್ರಾಚೀನ ಶಿಲಾಸ್ತರಗಳ ಒಂದು ಗುಂಪಿಗೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹಾಗೆಂದು ಲೋಕಾಪುರಕ್ಕೆ ನೆರೆಯ ಅಪಾಯವೇ ಇಲ್ಲ ಎನ್ನಲಾದೀತೇ? ಘಟಪ್ರಭೆ ಉಕ್ಕಿದರೆ ಮುಧೋಳ–ಯಾದವಾಡ ರಸ್ತೆಯ ಸೇತುವೆ ಮುಳುಗುತ್ತದೆ. ಹೊಳೆ ಆಚೆಯ ಆಸ್ಪತ್ರೆ, ಸಂತೆ, ಸಕ್ಕರೆ ಕಾರ್ಖಾನೆಗೆ ಹೋಗುವವರು ಸುತ್ತು ಹಾಕಬೇಕು, ಇಲ್ಲವೇ ಮನೆಯಲ್ಲೇ ಕೂರಬೇಕು. ನೀರು ಹೊಸ್ತಿಲು ಮುಟ್ಟದೆಯೂ ನಷ್ಟವಾಗುತ್ತದೆ. ಅಪಾಯವನ್ನು ಅಳೆಯುವವರು ಮೂರು ಪ್ರಶ್ನೆ ಕೇಳುವುದು ಇದಕ್ಕೇ: ಎಷ್ಟು ನೀರು ಬಂದೀತು, ಅದರ ದಾರಿಯಲ್ಲಿ ಏನೇನಿದೆ, ಅಲ್ಲಿರುವುದು ಎಷ್ಟು ತಾಳೀತು?

ಮೊದಲ ಪ್ರಶ್ನೆಯ ಉತ್ತರ ಸಹ್ಯಾದ್ರಿಯಲ್ಲಿದೆ. ಘಟಪ್ರಭೆಯ ಉಪನದಿ ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ನಮ್ಮ ಜಿಲ್ಲೆಯ ಹತ್ತು ಪಟ್ಟು ಮಳೆ. ಘಟಪ್ರಭೆಗೆ ಅಡ್ಡಲಾಗಿ ಹಿಡಕಲ್ ಜಲಾಶಯವಿದೆ, ಸಾಮರ್ಥ್ಯ ಸುಮಾರು 51 ಟಿಎಂಸಿ. ಇದು ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿ: ಒಂದು ಲಕ್ಷ ಕ್ಯುಸೆಕ್ ಒಳಹರಿವು ಒಂದು ದಿನ ನಿಂತರೆ 8.64 ಟಿಎಂಸಿ. ಪೂರ್ತಿ ಖಾಲಿ ಜಲಾಶಯವೂ ಆರು ದಿನದೊಳಗೆ ತುಂಬುತ್ತದೆ. ಆಗಸ್ಟ್ ಮೊದಲ ವಾರಕ್ಕೆ ಹತ್ತು ಟಿಎಂಸಿ ಜಾಗವಷ್ಟೇ ಉಳಿದಿದ್ದರೆ ಕೈಯಲ್ಲಿರುವುದು ಇಪ್ಪತ್ತೆಂಟು ತಾಸು. ಆಮೇಲೆ ಬಂದಷ್ಟೂ ಬಿಡಲೇಬೇಕು. ಬೇಸಿಗೆಗೆ ನೀರು ಬೇಕೆಂದು ತುಂಬಿಸಿಕೊಳ್ಳುವುದೂ, ನೆರೆಗೆಂದು ಖಾಲಿ ಇಡುವುದೂ ಒಂದೇ ಜಲಾಶಯದಲ್ಲಿ ಆಗಬೇಕಾದ ಕೆಲಸ. ತಪ್ಪೆಲ್ಲ ಗೇಟು ತೆಗೆದವರದೇ ಎಂದು ಬೈಯುವುದು ಸುಲಭ.

ಇನ್ನೊಂದು ತೊಡಕಿದೆ. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಘಟಪ್ರಭೆಯನ್ನು ಸೇರುವುದು ಹಿಡಕಲ್‌ನ ಕೆಳಗೆ. ಹಿಡಕಲ್ ಗೇಟಿಗೂ ಅವುಗಳ ನೀರಿಗೂ ಸಂಬಂಧವಿಲ್ಲ. ಟಿವಿಯಲ್ಲಿ ಬರುವ ‘ಹಿಡಕಲ್‌ನಿಂದ ಇಷ್ಟು ಕ್ಯುಸೆಕ್’ ಎಂಬ ಅಂಕಿಯನ್ನಷ್ಟೇ ನಂಬಿ ಮುಧೋಳದಲ್ಲಿ ಮಲಗುವುದು ಅಪಾಯ. ಇಲ್ಲಿ ಬಿಸಿಲಿದ್ದರೂ ಹೊಳೆ ಬರಬಹುದು.

ಕೃಷ್ಣೆಯ ದಂಡೆಯಲ್ಲಿ ಕತೆ ಬೇರೆ. ಜಮಖಂಡಿಯ ಮುತ್ತೂರು, ಶೂರ್ಪಾಲಿ, ತುಬಚಿ, ರಬಕವಿ-ಬನಹಟ್ಟಿಯ ತಮದಡ್ಡಿ, ಅಸಂಗಿ ಮೊದಲಾದ ಹಳ್ಳಿಗಳಲ್ಲಿ ನೀರು ಮೇಲಿನಿಂದ ಬರುವುದರ ಜೊತೆಗೆ ಕೆಳಗೆ ಬೇಗ ಇಳಿದೂ ಹೋಗುವುದಿಲ್ಲ. 519.60 ಮೀಟರ್‌ವರೆಗೆ ತುಂಬಿದ ಆಲಮಟ್ಟಿಯ ಹಿನ್ನೀರು ಹರಿವನ್ನು ನಿಧಾನಗೊಳಿಸುತ್ತದೆ. ಮುತ್ತೂರಿನ ಒಂದು ಭಾಗವಂತೂ ನಡುಗಡ್ಡೆ. ಬೀಳಗಿ ಕಡೆ, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಸುತ್ತ, ಎರಡೂ ನದಿಗಳ ಮಟ್ಟವನ್ನು ಕೂಡಿಸಿಯೇ ನೋಡಬೇಕು. ಯೋಜನೆಯಂತೆ ಆಲಮಟ್ಟಿಯ ಎತ್ತರ 524.256 ಮೀಟರ್ ಆದಾಗ ಈಗಿನ ನೆರೆ ನಕ್ಷೆಗಳೆಲ್ಲ ಹಳೆಯವಾಗುತ್ತವೆ.

ಎರಡು, ಮೂರನೆಯ ಪ್ರಶ್ನೆಗಳ ಬಗ್ಗೆ 2009ರ ನೆರೆ ಹೆಚ್ಚು ಕಲಿಸುತ್ತದೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿ ಕಡೆಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಬಯಲಿನ ಮೇಲೆಯೇ ಮಳೆ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೊಳೆಯಿಂದ ದೂರದ ಊರುಗಳಲ್ಲೂ ಮನೆ ಬಿದ್ದವು, ಏಕೆಂದರೆ ಕೊಲೆಗಾರ ಹೊಳೆಯೊಂದೇ ಅಲ್ಲ, ಮಾಳಿಗೆಯೂ ಹೌದು. ನಮ್ಮ ಕಡೆಯ ಹಳೆಯ ಮನೆಗಳಿಗೆ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮೇಲ್ಛಾವಣಿ. ಬಿಸಿಲಿಗೆ ಅದರಷ್ಟು ತಂಪು ಬೇರೊಂದಿಲ್ಲ. ಒಂದಡಿ ದಪ್ಪದ ಒಣಮಣ್ಣು ಚದರ ಮೀಟರಿಗೆ ಸುಮಾರು ನಾಲ್ಕೂವರೆ ಕ್ವಿಂಟಲ್ ತೂಗುತ್ತದೆ. ಮೂರ್ನಾಲ್ಕು ದಿನ ಬಿಡದೆ ಮಳೆ ಹಿಡಿದು ಮಣ್ಣು ನೀರುಂಡರೆ ಇನ್ನೊಂದು ಕ್ವಿಂಟಲ್ ಏರುತ್ತದೆ. ಅದೇ ಹೊತ್ತಿಗೆ ಕೆಳಗಿನ ಮಣ್ಣಿನ ಗೋಡೆ ನೆನೆದು ಬಲ ಕಳೆದುಕೊಳ್ಳುತ್ತದೆ, ಎರಿ ನೆಲವಾದರೆ ಪಾಯದಡಿ ಉಬ್ಬಿ ಆಮೇಲೆ ಕುಗ್ಗುತ್ತದೆ. ಎಷ್ಟೋ ಮನೆಗಳು ಮಳೆ ನಿಂತು ಬಿಸಿಲು ಬಿದ್ದ ಮೇಲೆ ಕುಸಿಯುವುದು ಇದರಿಂದಲೇ. ನೀರು ಇಳಿಯಿತೆಂದು ಕಾಳಜಿ ಕೇಂದ್ರದಿಂದ ಮರುದಿನವೇ ಮನೆಗೆ ಹೋಗಿ ಮಲಗಬೇಡಿ ಎನ್ನುವುದಕ್ಕೆ ಕಾರಣವಿದೆ.

2009ರ ನಂತರ ಸರ್ಕಾರ ‘ಆಸರೆ’ ಮನೆಗಳನ್ನು ಕಟ್ಟಿಸಿತು. ಹಲವೆಡೆ ಜನ ಅಲ್ಲಿಗೆ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಟ್ಟಡವೂ ಚಿಕ್ಕದು. ಜನರ ಹಟಮಾರಿತನ ಎಂದು ಇದನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಎಮ್ಮೆ ಕಟ್ಟಲಾಗದ ಮನೆಯಲ್ಲಿ ಹೈನುಗಾರ ಇರುವುದು ಹೇಗೆ?

‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅದರ ಅರ್ಥ, ಪ್ರತಿ ವರ್ಷವೂ ಶೇ 1ರಷ್ಟು ಸಂಭವ ಎಂದು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ಅದನ್ನು ಕಾಣುವ ಸಂಭವ ಶೇ 26. ಕೃಷ್ಣಾ ದಂಡೆಯವರು 2005, 2019, 2021ರಲ್ಲಿ ದೊಡ್ಡ ನೆರೆ ಕಂಡಿದ್ದಾರೆ. 2019ರಲ್ಲಿ ಬಂತಲ್ಲ, ಇನ್ನು ನಮ್ಮ ಕಾಲಕ್ಕೆ ಬರಲಿಕ್ಕಿಲ್ಲ ಎಂದುಕೊಂಡವರಿಗೆ ಎರಡೇ ವರ್ಷಕ್ಕೆ ಉತ್ತರ ಬಂತು.

ಇದನ್ನೆಲ್ಲ ಗಮನಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಕರ್ನಾಟಕದಲ್ಲಿ 1988ರಲ್ಲಿ ಬರ ನೋಡಲೆಂದು ಶುರುವಾದ ಘಟಕವೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳಿವೆ. ಆದರೆ ಹಳ್ಳಿಗೆ ಬೇಕಾದ್ದು ಕ್ಯುಸೆಕ್ ಅಲ್ಲ, ಕ್ಯುಸೆಕ್‌ನ ಅರ್ಥ. ಇಷ್ಟು ನೀರು ಬಿಟ್ಟರೆ ಎಷ್ಟು ತಾಸಿಗೆ ಯಾವ ಸೇತುವೆ, ಯಾವ ಓಣಿ, ಯಾವ ಕಬ್ಬಿನ ಹೊಲ ಮುಳುಗುತ್ತದೆ ಎಂಬ ಒಂದು ಪುಟದ ಪಟ್ಟಿ ಸಾಕು. ಅದಕ್ಕೆ ಬೇಕಾದ ಮಾಹಿತಿ ಊರಿನ ಗೋಡೆಗಳ ಮೇಲೆ 2019ರ ನೀರಿನ ಕಲೆಯಾಗಿ, ಹಿರಿಯರ ನೆನಪಾಗಿ ಇನ್ನೂ ಇದೆ. ಮುಂದಿನ ಜೂನ್‌ಗೆ ಮುಂಚೆ ನಿಮ್ಮ ಪಂಚಾಯಿತಿಯವರಿಂದ ಆ ಮಟ್ಟಗಳನ್ನು ಅಳೆಸಿ, ಪಟ್ಟಿ ಮಾಡಿಸಿ, ಚಾವಡಿಯ ಗೋಡೆಯ ಮೇಲೆ ಬರೆಸಿ.